ಕ್ಯಾಲೆಂಡರಿನ ಹಸಿರು ಅಂಕಿಗಳು

ಬೆಡೋಕ್, ಸಿಂಗಾಪುರ
೧೨ ಡಿಸೆಂಬರ್ ೨೦೨೧

ಪ್ರೀತಿಯ ತಂಗಿ ಮಸ್ನಾ,

ಅಸ್ಸಲಾಮು ಅಲೈಕುಮ್. ಈ ಕಾಗದವನ್ನು ರೈಲಿನಲ್ಲಿ ನಿಂತುಕೊಂಡು ಓದಬೇಡ. ಮನೆಗೆ ಹೋಗಿ, ಕೈಕಾಲು ತೊಳೆದು, ಒಂದು ಲೋಟ ಚಹಾ ಮಾಡಿಕೊಂಡು ಕೂತು ಓದು.

"ಬರೋ ಶುಕ್ರವಾರದೊಳಗೆ ಹೇಳು, ಮಾಕ್ ಬರ್ತಾಳೋ ಇಲ್ವೋ. ಒಂದೇ ಮಾತು" ಎಂದು ನೀನು ಅಮ್ಮನ ಬಗ್ಗೆ ಫೋನಿಗೆ ಬರೆದು ಕಳಿಸಿ ಮೂರು ದಿನವಾಯಿತು. ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಎರಡು ವರ್ಷದಿಂದ ನಾವಿಬ್ಬರೂ ಆಡಿದ್ದೆಲ್ಲ ಒಂದೊಂದೇ ಮಾತು ತಾನೆ? ಔಷಧಿ ತಂದಿಟ್ಟೆ. ಸರಿ. ಆಸ್ಪತ್ರೆಗೆ ಸೋಮವಾರ. ಆಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಬ್ಯಾಂಕಿನ ಕಿಟಕಿಯ ಆಚೆ ಈಚೆ ನಿಂತವರ ಹಾಗೆ ಮಾತಾಡಿಕೊಂಡೆವು. ಇವತ್ತು ನನಗೆ ವಾರದ ರಜೆ. ಅಮ್ಮ ಊಟ ಮಾಡಿ ಮಲಗಿದ್ದಾಳೆ. ಎಲ್ಲವನ್ನೂ ಬರೆದುಬಿಡುತ್ತೇನೆ.

ನಿನ್ನ ವಾದ ನನಗೆ ಬಾಯಿಪಾಠವಾಗಿದೆ. ಲಸಿಕೆ ಹಾಕಿಸಿಕೊಂಡವರಿಗೆ ಕೊರಿಯಾದ ದಾರಿ ತೆರೆದಿದೆ, ಅಮ್ಮನಿಗೆ ಮೂರನೆಯದೂ ಆಗಿದೆ, ಜನವರಿ ಹತ್ತಕ್ಕೆ ಮೂರು ಟಿಕೆಟು ಹಿಡಿದಿಟ್ಟಿದ್ದೇನೆ, ಅವಳ ಕಣ್ಣಿನಲ್ಲಿ ಉಳಿದಿರುವ ಅಷ್ಟಿಷ್ಟು ಬೆಳಕೂ ಆರುವ ಮುಂಚೆ ಹಿಮ ತೋರಿಸಲೇಬೇಕು, ಇನ್ನು ತಡಮಾಡಿದರೆ ಯಾವತ್ತೂ ಇಲ್ಲ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಹೊಸ ತಳಿಯ ಸೋಂಕು ಬಂದಿದೆಯಂತೆ, ಎಪ್ಪತ್ತೆರಡು ವರ್ಷದವಳನ್ನು ಆ ಚಳಿಯಲ್ಲಿ ಎಲ್ಲಿಗೆ ಹೊತ್ತುಕೊಂಡು ಹೋಗುತ್ತೀಯೆ, ಅಲ್ಲಿ ಏನಾದರೂ ಆದರೆ ಯಾವ ಆಸ್ಪತ್ರೆ, ಯಾವ ಭಾಷೆ, ಎನ್ನುವುದು ನನ್ನ ವಾದ. ಅದೂ ಸುಳ್ಳಲ್ಲ. ಡಿಪೋದಲ್ಲಿ ಊಟದ ಹೊತ್ತಿಗೆ ಕೂತು, ಡ್ಯೂಟಿ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು, ಒಂದು ಕಡೆ 'ಹೋಗುವುದು', ಇನ್ನೊಂದು ಕಡೆ 'ಮನೆಯಲ್ಲೇ ಇರುವುದು' ಎಂದು ಬರೆದುಕೊಂಡೆ. ಎರಡೂ ಕಡೆ ತುಂಬಿತು. ಪಕ್ಕದಲ್ಲಿ ಕೂತಿದ್ದ, ನನ್ನನ್ನು ಅಕ್ಕ ಎಂದೇ ಕರೆಯುವ ಡ್ರೈವರ್ ರಜಾಲಿ ಇಣುಕಿ ನೋಡಿ, "ಏನ್ ಕಾಕ್, ಎರಡನೇ ಮದುವೆಗೆ ಗಂಡು ಆರಿಸ್ತಿದ್ದೀರಾ?" ಅಂದ. ಈ ಹಾಳಾದ ಹಾಳೆಗಿಂತ ಅದೇ ಸುಲಭವಿತ್ತು ಅಂದೆ.

ಈ ಊರಿನವರ ಪ್ರವಾಸದ ಹುಚ್ಚು ನಿನಗೂ ಗೊತ್ತು, ನನಗೂ ಗೊತ್ತು. ನಾನು ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತವರನ್ನು ವಿಮಾನ ನಿಲ್ದಾಣಕ್ಕೆ ತಂದು ಬಿಡುವವಳು, ನೀನು ಕೌಂಟರಿನಲ್ಲಿ ಕೂತು ಆ ಪೆಟ್ಟಿಗೆಗಳನ್ನು ತೂಗುವವಳು. ಶಾಲೆಗೆ ರಜೆ ಬಂತೆಂದರೆ ಒಬ್ಬರೂ ಊರಲ್ಲಿ ನಿಲ್ಲುತ್ತಿರಲಿಲ್ಲ. ಆಮೇಲೆ ಅದೇ ಬಸ್ಸನ್ನು ಎರಡು ವರ್ಷ ಖಾಲಿ ಓಡಿಸಿದೆ. ಕಸ ಗುಡಿಸುವ ಹೆಂಗಸರು ಮೂವರು, ಕಾವಲಿನವನು ಒಬ್ಬ. ಮತ್ತೆ ಪ್ರತಿ ಶನಿವಾರ ಒಬ್ಬ ಮುದುಕ, ಅವನ ಹೆಂಡತಿ. ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಿಲ್ದಾಣಕ್ಕೆ ಹೋಗಿ, ಕಾಫಿ ಕುಡಿದು, ಹಾರಾಟವೇ ಇಲ್ಲದ ಬೋರ್ಡನ್ನು ಓದಿ, ನನ್ನ ಬಸ್ಸಿನಲ್ಲೇ ವಾಪಸು ಬರುತ್ತಿದ್ದರು. ಅವರನ್ನು ನೋಡಿದಾಗಲೆಲ್ಲ ನನಗೆ ನೀನು ನೆನಪಾಗುತ್ತಿದ್ದೆ.

ಆ ಫೆಬ್ರವರಿಯ ಜಗಳ ನೆನಪಿದೆಯಲ್ಲ? ನೆನಪಿಲ್ಲದೆ ಏನು. ೨೦೨೦. ಪೆಟ್ಟಿಗೆ ಕಟ್ಟಿ ಆಗಿತ್ತು, ಅಮ್ಮನಿಗೆ ಉಣ್ಣೆಯ ಟೋಪಿ ಬಂದಿತ್ತು. ಕಣ್ಣಿನ ಡಾಕ್ಟರು, ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು, ಅಷ್ಟರಲ್ಲಿ ನೋಡಬೇಕಾದ್ದನ್ನು ನೋಡಲಿ ಎಂದಿದ್ದರು. ಹೊರಡುವುದಕ್ಕೆ ನಾಲ್ಕು ದಿನವಿದ್ದಾಗ ಕೊರಿಯಾದಲ್ಲಿ ಸೋಂಕು ಹಬ್ಬಿದ ಸುದ್ದಿ ಬಂತು. ನಿನ್ನನ್ನು ಕೇಳದೆ ನಾನು ಟಿಕೆಟು ರದ್ದು ಮಾಡಿಸಿದೆ. ನೀನು ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ, "ಮಾಕ್ ಕಣ್ಣು ಹೋದ್ರೆ ಅದು ನಿನ್ ತಲೆ ಮೇಲೆ, ಕಾಕ್" ಅಂದೆ. ಆಮೇಲೆ ಊರೇ ಬಾಗಿಲು ಹಾಕಿಕೊಂಡಿತು, ಆಸ್ಪತ್ರೆಯ ಸರದಿ ತಿಂಗಳುಗಟ್ಟಲೆ ಮುಂದೆ ಹೋಯಿತು, ಅಮ್ಮನ ನೋಟ ಕೊಳವೆಯೊಳಗಿಂದ ನೋಡಿದಷ್ಟಾಗಿ, ಈಗ ಆ ಕೊಳವೆಯ ಬಾಯಿಗೂ ಮಂಜು ಕವಿದಿದೆ. ನೀನು ಅಂದಿದ್ದು ನನ್ನ ತಲೆಯ ಮೇಲೇ ಕೂತಿತು. ದಿನಾ ಬೆಳಿಗ್ಗೆ ಅವಳ ಕಣ್ಣಿಗೆ ಹನಿ ಹಾಕುವಾಗ ಅದರ ಭಾರ ಗೊತ್ತಾಗುತ್ತಿತ್ತು.

ಎಲ್ಲರೂ ನಾನು ಮಾಡಿದ್ದು ಸರಿ ಅಂದರು. ನಿನಗೆ ಮಾತ್ರ ನಿಜ ಹೇಳುತ್ತೇನೆ. ನಾನು ಮುಂದಾಲೋಚನೆಯಿಂದ ಏನೂ ಮಾಡಲಿಲ್ಲ. ಇಪ್ಪತ್ತು ವರ್ಷ ಬಸ್ಸು ಓಡಿಸಿದ ನಿನ್ನ ಅಕ್ಕನಿಗೆ ವಿಮಾನ ಹತ್ತುವುದೆಂದರೆ ಭಯ. ಸುದ್ದಿ ಬಂದಾಗ ನನಗೆ ಮೊದಲು ಆದದ್ದು ಸಮಾಧಾನ, ಸೋಂಕಿನ ಹೆದರಿಕೆ ಆಮೇಲೆ ಬಂತು. ಈ ಒಂದು ಸಂಗತಿಯನ್ನು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ಈಗ ಕಳೆದ ಭಾನುವಾರಕ್ಕೆ ಬರುತ್ತೇನೆ. ನಿನಗೆ ಬರೆಯಬೇಕಾದ್ದು ಇದೇ.

ನೀನು ಕಳಿಸಿದ ದಪ್ಪ ಕೋಟು ಶನಿವಾರ ಬಂತು. ಮರುದಿನ ಮಧ್ಯಾಹ್ನ ಅಮ್ಮನಿಗೆ ತೊಡಿಸಿ ನೋಡಿದೆ. ಸೆಕೆಯಲ್ಲಿ ಬೆವರುತ್ತಾ, ಕೈಗಳನ್ನು ಎರಡೂ ಕಡೆ ಚಾಚಿಕೊಂಡು, "ಇದು ಕೋಟಾ, ಹಾಸಿಗೆನಾ?" ಅಂದಳು. ಅದನ್ನು ತೊಟ್ಟುಕೊಂಡೇ ಗೋಡೆ ಸವರುತ್ತಾ ಅಡುಗೆಮನೆಗೆ ಹೋಗಿ, ಯಾವಾಗಲೂ ನಿಲ್ಲುವ ಜಾಗದಲ್ಲೇ, ಕ್ಯಾಲೆಂಡರಿನ ಮುಂದೆ ನಿಂತಳು.

ಆ ಜಾಗ ನಿನಗೆ ಗೊತ್ತು. ಕೆಳಗಿನ ದಿನಸಿ ಅಂಗಡಿಯ ಆಹ್ ಹೊಕ್ ಪ್ರತಿ ವರ್ಷ ಕೊಡುವ ಕ್ಯಾಲೆಂಡರು. ಪ್ರತಿ ವರ್ಷ ಅದೇ ಹಿಮದ ಬೆಟ್ಟ, ಬೇರೆ ಮೂಲೆಯಿಂದ ತೆಗೆದ ಚಿತ್ರ. ಅಮ್ಮ ಬೆಳಿಗ್ಗೆ ಒಲೆ ಹಚ್ಚುವ ಮೊದಲು, ಸಂಜೆ ಪಾತ್ರೆ ತೊಳೆದ ಮೇಲೆ, ಅದರ ಮುಂದೆ ನಿಂತು ಮೈಮರೆಯುತ್ತಿದ್ದುದನ್ನು ನೋಡಿಕೊಂಡೇ ನಾವಿಬ್ಬರೂ ಬೆಳೆದೆವು. ನೀನು ಏಳು ವರ್ಷದವಳಿದ್ದಾಗ ಅವಳ ಬಟ್ಟೆಯ ಅಂಚು ಜಗ್ಗಿ, "ಮಾಕ್, ನಿಂಗೆ ಅಲ್ಲಿಗೆ ಹೋಗ್ಬೇಕಾ?" ಎಂದು ಕೇಳಿದೆ. ಅವಳು ತಿರುಗದೆಯೇ "ಹೂಂ" ಅಂದಳು. ಅವತ್ತೇ ನೀನು ಕೈಮೇಲೆ ಕೈ ಹಾಕಿ ಆಣೆ ಮಾಡಿದೆ, ದೊಡ್ಡವಳಾದ ಮೇಲೆ ಅಮ್ಮನನ್ನು ಹಿಮಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು. ನೀನು ವಿಮಾನ ನಿಲ್ದಾಣದ ಕೆಲಸ ಹಿಡಿದದ್ದೂ ಅದಕ್ಕೇ ಅಲ್ಲವೇ? ನನಗೆ ಗೊತ್ತು.

ಭಾನುವಾರ ಅವಳು ಹಾಗೆ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕಾಣದ ಚಿತ್ರದ ಮುಂದೆ, ಆ ದೊಗಳೆ ಕೋಟಿನಲ್ಲಿ. ಹತ್ತಿರ ಹೋಗಿ, "ಮಾಕ್, ಏನಾದ್ರೂ ಕಾಣತ್ತಾ?" ಅಂದೆ.

"ಕಾಣಲ್ಲ ಕಣೇ. ಅದಕ್ಕೇ ನಿನ್ನ ಕರೀಬೇಕು ಅಂತಿದ್ದೆ. ಇವತ್ತಿನ ತಾರೀಖಿನ ಮನೇಲಿ ಕೆಳಗಡೆ ಹಸಿರು ಬಣ್ಣದ್ದು ಸಣ್ಣ ಅಂಕಿ ಇರತ್ತಲ್ಲ, ಅದೆಷ್ಟು ಓದು" ಅಂದಳು.

ಹಸಿರು ಅಂಕಿ ಎಂದರೆ ನಮ್ಮ ಚಂದ್ರನ ತಿಂಗಳ ತಾರೀಖು. ತಿಂಗಳ ಕೊನೆಯ ದಿನವಾಗಿತ್ತು. ಓದಿದೆ. ಅಮ್ಮ ಕೋಟಿನ ತೋಳಿನಿಂದ ಕೈ ಹೊರಗೆ ಎಳೆದು, ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳನ್ನು ಮುಟ್ಟುತ್ತಾ ಬಾಯಲ್ಲೇ ಏನೋ ಎಣಿಸಿದಳು. ಆಮೇಲೆ, "ಸರಿ. ಇವತ್ತು ಸಾಯಂಕಾಲದ ಅಸರ್ ನಮಾಜ್ ಆದ್ಮೇಲೆ ನೀರು ಬಹಳ ದೂರ ಹೋಗತ್ತೆ. ಹುಲ್ಲೆಲ್ಲ ಹೊರಗೆ ಬೀಳತ್ತೆ" ಅಂದಳು.

"ಯಾವ ನೀರು?"

"ಸಮುದ್ರದ ನೀರು. ಇನ್ಯಾವ್ದು? ನಲ್ಲಿದಾ?"

ಮಸ್ನಾ, ಆಗ ನನಗೆ ಅರ್ಥವಾಯಿತು. ಆದರೂ ಬಾಯಿಬಿಟ್ಟು ಕೇಳಿದೆ. ದಿನಾ ಇಲ್ಲಿ ನಿಂತು ನೋಡುತ್ತಿದ್ದದ್ದು ಇದನ್ನೇನಾ, ಮೇಲಿನ ಹಿಮದ ಬೆಟ್ಟವನ್ನಲ್ಲವಾ ಅಂದೆ. ಅವಳು ನನ್ನ ಕಡೆ ಮುಖ ತಿರುಗಿಸಿ, ತುಸು ಬೇಜಾರಿನಿಂದ, "ಚಿತ್ರ ಯಾರೇ ನೋಡ್ತಾರೆ? ಆಹ್ ಹೊಕ್ ಪಾಪ ಯಾವುದನ್ನ ಹಾಕ್ತಾನೋ ಅದು" ಅಂದಳು.

ನಲವತ್ತನಾಲ್ಕು ವರ್ಷ. ಸರ್ಕಾರದವರು ನಾವಿದ್ದ ದ್ವೀಪ ಖಾಲಿ ಮಾಡಿಸಿ ನಮ್ಮನ್ನು ಈ ಹನ್ನೊಂದನೆಯ ಮಹಡಿಗೆ ತಂದು ಹಾಕಿದಾಗ ನನಗೆ ಮೂರು ವರ್ಷ, ನೀನಿನ್ನೂ ಹುಟ್ಟಿರಲಿಲ್ಲ. ಆವತ್ತಿನಿಂದ ದಿನಕ್ಕೆ ಎರಡು ಸಲ ಅವಳು ಈ ಗೋಡೆಯ ಮುಂದೆ ನಿಂತು, ಇಷ್ಟು ಹೊತ್ತಿಗೆ ನಮ್ಮ ದ್ವೀಪದ ಹಿಂದಿನ ದಿಬ್ಬ ಮೇಲೆದ್ದಿರುತ್ತದೆ, ಇಷ್ಟು ಹೊತ್ತಿಗೆ ಮನೆಯ ಮೆಟ್ಟಿಲಿಗೆ ನೀರು ಬಡಿಯುತ್ತಿರುತ್ತದೆ ಎಂದು ಚಂದ್ರನ ತಾರೀಖಿನಿಂದ ಉಬ್ಬರ ಇಳಿತದ ಲೆಕ್ಕ ಹಾಕುತ್ತಿದ್ದಳು. ನೀನು ಕೇಳಿದ ದಿನ ಅವಳು ಅಂದ "ಹೂಂ" ಎಣಿಕೆ ತಪ್ಪಬಾರದೆಂದು ಅಂದದ್ದು. ಆ ಒಂದು "ಹೂಂ" ಮೇಲೆ ನಾವಿಬ್ಬರೂ ಮೂವತ್ತೈದು ವರ್ಷದ ಆಸೆ ಕಟ್ಟಿದೆವು, ಎರಡು ವರ್ಷ ಮಾತು ಬಿಟ್ಟೆವು.

ಕೋಟು ಬಿಚ್ಚಿಸಿದೆ. ಹಳೆಯ ಸಡಿಲ ಕುಪ್ಪಸ ತೊಡಿಸಿ, ನಮಾಜು ಮುಗಿಸಿ, ಸಮುದ್ರದ ಕಡೆಯ ಚಾಂಗಿಯ ಬಸ್ಸು ಹತ್ತಿಸಿದೆ. ರಜಾಲಿಯೇ ಓಡಿಸುತ್ತಿದ್ದ. "ರಜಾದಿನಾನೂ ಬಸ್ಸೇ ಬೇಕಾ ಕಾಕ್?" ಎಂದು ನಕ್ಕ. ಅಮ್ಮ, "ನಿನ್ನ ಗಾಡಿ ಓಡ್ಸೋದು ನೋಡಿದ್ರೆ ದೋಣಿನೇ ವಾಸಿ" ಅಂದಳು. ಅವಳು ಹಾಗೆ ಚೇಷ್ಟೆ ಮಾಡಿ ಎಷ್ಟು ದಿನವಾಗಿತ್ತೋ.

ನಾನು ಈ ಕಡಲ ದಂಡೆಯ ಹಿಂದಿನ ರಸ್ತೆಯಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದ್ದೇನೆ. ಒಂದು ದಿನವೂ ಇಳಿದು ನೋಡಿಲ್ಲ. ಭಾನುವಾರ ಮರಗಳ ಸಾಲು ದಾಟಿ ಮರಳಿಗೆ ಬಂದಾಗ ನನ್ನ ಕಾಲು ಅಲ್ಲೇ ನಿಂತಿತು. ಕಡಲು ಇರಲಿಲ್ಲ, ಮಸ್ನಾ. ಎಲ್ಲೋ ದೂರದಲ್ಲಿ ಒಂದು ಗೆರೆ. ದಿನಾ ಬಸ್ಸಿನ ಕಿಟಕಿಯಿಂದ ನೀರು ಕಾಣುತ್ತಿದ್ದ ಜಾಗದಲ್ಲಿ ಹಸಿರು ಹುಲ್ಲಿನ ಬಯಲು, ಒದ್ದೆಯಾಗಿ ಹೊಳೆಯುತ್ತಾ, ಸಂಜೆ ಬಿಸಿಲಿನಲ್ಲಿ ಉಸಿರಾಡುತ್ತಾ ಮಲಗಿತ್ತು. ಇಡೀ ಬಯಲಿನಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಏಳುತ್ತಿತ್ತು, ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಹಾಗೆ. ಏನದು ಅಂದೆ. "ಸೀಗಡಿ. ಬಿಲದೊಳಗೆ ಕೂತು ಚಿಟಿಕೆ ಹೊಡೀತಾವೆ" ಅಂದಳು ಅಮ್ಮ. ಅಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟಾಗಿತ್ತು.

ಅವಳ ಕೈ ಹಿಡಿದು ನಡೆಸಬೇಕೆಂದು ನಾನು ಮುಂದಾದೆ. ಹತ್ತು ಹೆಜ್ಜೆಯೊಳಗೆ ಅವಳು ಮುಂದೆ, ನಾನು ಹಿಂದೆ. ಮನೆಯಲ್ಲಿ ಬಚ್ಚಲಿಗೆ ಹೋಗಲು ಗೋಡೆ ಸವರುವವಳು ಅಲ್ಲಿ ಸರಸರ ನಡೆದಳು. "ಕಾಲೆತ್ತಿ ಇಡಬೇಡ್ವೇ, ಎಳೆದು ಇಡು. ಮುಳ್ಳು ಬಾಲದ ತೊರಕೆ ಮೀನು ಮಲಗಿರತ್ತೆ, ಸದ್ದು ಮಾಡಿದ್ರೆ ತಾನೇ ಜಾಗ ಬಿಡತ್ತೆ" ಎಂದು ಕಲಿಸಿದಳು. ಒಂದು ಕಡೆ ಥಟ್ಟನೆ ನನ್ನನ್ನು ತಡೆದು, "ಮುಂದೆ ಹೂವಿದೆ" ಅಂದಳು. ನೋಡಿದರೆ ನನ್ನ ಕಾಲಿನ ಒಂದು ಗೇಣು ಆಚೆ, ಚಾಪೆಯಷ್ಟು ಅಗಲದ ಕಡಲ ಹೂವು, ಸಾವಿರ ಬೆರಳು ಬಿಚ್ಚಿಕೊಂಡು ಕೂತಿತ್ತು. ಹೇಗೆ ಗೊತ್ತಾಯಿತು ಎಂದರೆ, ಅದರ ಸುತ್ತ ಮರಳು ಮೆತ್ತಗಿರುತ್ತದೆ, ಕಾಲಿಗೆ ತಿಳಿಯುವುದಿಲ್ಲವೇ ಎಂದು ನನ್ನನ್ನೇ ಕೇಳಿದಳು. ನನ್ನ ಕಾಲಿಗೆ ಏನೂ ತಿಳಿಯಲಿಲ್ಲ. ನನ್ನ ಕಾಲಿಗೆ ಗೊತ್ತಿರುವುದು ಬ್ರೇಕು ಒಂದೇ.

ಜನ ಬಹಳ ಇದ್ದರು. ಎಲ್ಲರೂ ಬೇರೆ ವರ್ಷಗಳಲ್ಲಿ ನಿನ್ನ ಕೌಂಟರಿನ ಮುಂದೆ ಸಾಲು ನಿಲ್ಲುತ್ತಿದ್ದವರೇ. ಒಬ್ಬ ಎರಡು ಮಕ್ಕಳನ್ನು ಕಟ್ಟಿಕೊಂಡು, ಬಕೆಟ್ಟಿನ ತುಂಬ ಏನೇನೋ ಹಿಡಿದು ತುಂಬಿಸಿಕೊಂಡಿದ್ದ. ಅಮ್ಮ ಸದ್ದಿನ ಜಾಡು ಹಿಡಿದು ಅವನ ಬಳಿ ಹೋಗಿ, "ಏನಪ್ಪಾ ಇದೆ ಅದರಲ್ಲಿ?" ಅಂದಳು.

ಅವನು ಸ್ವಲ್ಪ ನಾಚಿಕೊಂಡು, ಅಮ್ಮನನ್ನು ಅಜ್ಜಿ ಎಂದು ಕರೆದು, "ಟೋಕಿಯೋಗೆ ಹೋಗಬೇಕಿತ್ತು ನೆನೆಕ್, ಎರಡು ವರ್ಷದಿಂದ ಆಗ್ತಾ ಇಲ್ಲ. ಮಕ್ಕಳಿಗೆ ಏನಾದ್ರೂ ಬೇಕಲ್ಲ" ಅಂದ.

"ಟೋಕಿಯೋಗೆ ಹೋಗಿದ್ರೆ ಅಲ್ಲಿಯವರನ್ನೂ ಹೀಗೇ ಬಕೆಟ್ಟಿಗೆ ಹಾಕ್ಕೊಂಡು ಬರ್ತಿದ್ಯಾ?"

ಅವನು ನಕ್ಕುಬಿಟ್ಟ. ಅಮ್ಮ ಕೂತು ಬಕೆಟ್ಟಿಗೆ ಕೈ ಹಾಕಿ, ಒಂದೊಂದನ್ನೇ ಮುಟ್ಟಿ ಹೆಸರು ಹೇಳಿದಳು. ಇದು ಗೊಂಗ್‌ಗೊಂಗ್, ನಿಮ್ಮಪ್ಪ ಬೇಯಿಸಿ ತಿನ್ನುವ ಬಸವನಹುಳು. ಇದು ಕಡಲ ಸೌತೆ, ಹೆದರಿಸಬೇಡಿ, ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕುತ್ತದೆ. ಆಮೇಲೆ ಒಂದು ದಪ್ಪ ನಕ್ಷತ್ರ ಮೀನನ್ನು ನೀರಿನೊಳಗೇ ಮಗುಚಿ, ಚಿಕ್ಕ ಹುಡುಗಿಯ ಬೆರಳನ್ನು ಅದರ ಹೊಟ್ಟೆಯ ಮೇಲೆ ಇಟ್ಟಳು. "ಕಣ್ಣು ಮುಚ್ಚು. ಈಗ ಹೇಳು." ಆ ಮಗು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, "ನಡೀತಾ ಇದೆ! ನನ್ನ ಬೆರಳ ಮೇಲೆ ನಡೀತಾ ಇದೆ!" ಎಂದು ಕಿರುಚಿತು. ನಾನೂ ಕೈ ಹಾಕಿದೆ. ಸಾವಿರ ಪುಟ್ಟ ಕಾಲು ನನ್ನ ಬೆರಳನ್ನು ಹಿಡಿದು, ಬಿಟ್ಟು, ಹಿಡಿದು, ಎತ್ತಲೋ ಹೊರಟಿದ್ದವು. ನನಗೆ ಅಳು ಬಂತು, ಯಾಕೆ ಎಂದು ಕೇಳಬೇಡ.

ಆ ಹೊತ್ತಿಗೆ ಒಂದು ವಿಮಾನ ತಲೆಯ ಮೇಲೆ ತಗ್ಗಿ ಬಂತು. ಅಪರೂಪಕ್ಕೆ ಬಂದದ್ದರಿಂದ ಇಡೀ ದಂಡೆಯ ಜನ ಕತ್ತೆತ್ತಿ ನೋಡಿದರು. ಅಮ್ಮ ಒಬ್ಬಳೇ ತಲೆ ಎತ್ತಲಿಲ್ಲ. ಅವಳು ಕಣಕಾಲುದ್ದ ನೀರಿನಲ್ಲಿ ನಿಂತು ಏನನ್ನೋ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ತಿರುಗಿತು" ಅಂದಳು. ನನಗೆ ಏನೂ ಕಾಣಲಿಲ್ಲ, ನೀರು ಇದ್ದ ಹಾಗೇ ಇತ್ತು. ಅವಳು ದನಿ ಎತ್ತಿ, "ನೀರು ತಿರುಗಿದೆ, ಎಲ್ಲರೂ ದಡಕ್ಕೆ ನಡೀರಿ, ಮಕ್ಕಳನ್ನ ಎತ್ಕೊಳ್ಳಿ" ಎಂದು ಕೂಗಿದಳು. ಮಸ್ನಾ, ಬಟ್ಟೆ ಅಂಗಡಿಯಲ್ಲಿ ಬೆಲೆ ಕೇಳಲೂ ಹಿಂಜರಿಯುವ ನಮ್ಮ ಅಮ್ಮ! ಬಕೆಟ್ಟಿನವನು ಎಲ್ಲವನ್ನೂ ನೀರಿಗೆ ಸುರಿದು ಮೊದಲು ಹೊರಟ, ಉಳಿದವರು ಹಿಂಬಾಲಿಸಿದರು. ನಾವು ಮರಳು ಮುಟ್ಟಿ ಹಿಂತಿರುಗಿ ನೋಡುವಷ್ಟರಲ್ಲಿ ನಾವು ನಿಂತಿದ್ದ ಹುಲ್ಲು ಮುಳುಗಿತ್ತು. ಗದ್ದಲವಿಲ್ಲ, ಅಲೆಯಿಲ್ಲ, ಕಡಲು ತನ್ನ ಮನೆಗೆ ತಾನು ಸುಮ್ಮನೆ ವಾಪಸು ಬಂದಿತ್ತು. ಅಷ್ಟು ದೊಡ್ಡದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅದನ್ನು ಕಾಲಿನಿಂದ ಬಲ್ಲವಳು ನಲವತ್ತನಾಲ್ಕು ವರ್ಷ ನಮ್ಮ ಜೊತೆ ಹನ್ನೊಂದನೆಯ ಮಹಡಿಯಲ್ಲಿದ್ದಳು. ನಾವು ಅವಳಿಗೆ ಲೋಕ ತೋರಿಸಲು ಹೊರಟಿದ್ದೆವು.

ಬಸ್ಸಿಗೆ ಕಾಯುವಾಗ ಅವಳ ಕಾಲು ಒರೆಸುತ್ತಾ ಕೇಳಿದೆ. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ, ಹಿಮ ಬೇಡ ಎಂದು ಯಾಕೆ ಹೇಳಲಿಲ್ಲ ಅಂದೆ.

"ನೀವಿಬ್ರೂ ಅಷ್ಟು ಆಸೆ ಪಟ್ಟು ಹೇಳ್ತಿದ್ರಿ. ನಂಗೇನು ಹಿಮ ಕಂಡ್ರೆ ಕೋಪಾನಾ?" ಅಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಂಗೆ ಬೇಕಾಗಿದ್ದ ಊರಿಗೆ ಟಿಕೆಟ್ಟಿಲ್ಲ. ಅಲ್ಲಿ ಕಾಲಿಡೋಕೆ ಯಾರನ್ನೂ ಬಿಡಲ್ಲ. ನಿಮ್ಮನ್ನ ಕೇಳಿದ್ರೆ ನೀವು ಎಲ್ಲಿಂದ ತರ್ತಿದ್ರಿ? ಕೊಡೋಕಾಗದ್ದನ್ನ ಮಕ್ಕಳ ಹತ್ರ ಕೇಳಬಾರದು" ಅಂದಳು.

ಬಸ್ಸು ಬಂತು. ಹತ್ತಿ ಕೂತ ಮೇಲೆ ಇನ್ನೊಂದು ಮಾತು ಹೇಳಿದಳು, ಅದು ನಿನ್ನದು, ಹಾಗೆಯೇ ಬರೆಯುತ್ತಿದ್ದೇನೆ. "ಹಿಮ ನೋಡ್ಬೇಕು ಅಂತ ಇರೋದು ಮಸ್ನಾಗೆ. ಚಿಕ್ಕವಳಿದ್ದಾಗಿಂದ ಅವಳಿಗೇ. ಒಬ್ಳೇ ಹೋಗೋಕೆ ಅಳುಕು, ಅದಕ್ಕೆ ನನ್ನ ಹೆಸರು ಹೇಳ್ತಾಳೆ. ಹೋಗಿ ಬರಲಿ. ಮುಟ್ಟಿ ನೋಡಿ, ಹೇಗಿತ್ತು ಅಂತ ಬಂದು ನಂಗೆ ಹೇಳಲಿ. ನಂಗೆ ಅಷ್ಟೇ ಸಾಕು."

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಇದು. ಅಮ್ಮ ಬರುವುದಿಲ್ಲ. ನಾನೂ ಬರುವುದಿಲ್ಲ. ನೀನು ಹೋಗು. ಈ ಸಲ ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಗೆರೆ ಎಳೆದ ಹಾಳೆ ಇಲ್ಲ, ಹರಿದು ಹಾಕಿದೆ. ಮಾಸ್ಕು ಬಿಗಿಯಾಗಿ ಕಟ್ಟಿಕೋ. ಕೋಟನ್ನು ನೀನೇ ತೊಟ್ಟುಕೋ, ನಿನಗೆ ಅಳತೆ ಸರಿಯಾಗುತ್ತದೆ. ಮೊದಲ ಹಿಮ ಕೈಗೆ ಬಿದ್ದಾಗ ಅಮ್ಮನಿಗೆ ಫೋನು ಮಾಡು. ಚಿತ್ರ ಕಳಿಸಬೇಡ, ಬಾಯಲ್ಲಿ ಹೇಳು.

ಆದರೆ ಅದಕ್ಕೂ ಮುಂಚೆ ಒಂದು ಕೆಲಸವಿದೆ. ಆಹ್ ಹೊಕ್ ಹೊಸ ವರ್ಷದ ಕ್ಯಾಲೆಂಡರು ಕೊಟ್ಟಿದ್ದಾನೆ, ಅದೇ ಬೆಟ್ಟ. ಹಸಿರು ಅಂಕಿಗಳನ್ನು ಈಗ ದಿನಾ ಬೆಳಿಗ್ಗೆ ನಾನು ಓದುತ್ತೇನೆ, ಅಮ್ಮ ಬೆರಳು ಮಡಿಸುತ್ತಾಳೆ. ಜನವರಿ ಮೂರು, ಸೋಮವಾರ, ಅಸರ್ ಆದ ಮೇಲೆ ನೀರು ಮತ್ತೆ ದೂರ ಹೋಗುತ್ತದಂತೆ. ನಾನು ರಜೆ ಬರೆದುಕೊಟ್ಟಾಗಿದೆ. ನೀನೂ ಬಾ. ನಿನ್ನ ಒಂದು ಮಾತನ್ನು ಎರಡು ವರ್ಷ ತಲೆಯ ಮೇಲೆ ಹೊತ್ತಿದ್ದೇನೆ, ಅದನ್ನು ನೀನೇ ಬಂದು ಇಳಿಸಬೇಕು. ನಾನು ನಿನ್ನನ್ನು ಕೇಳದೆ ಮಾಡಿದ್ದಕ್ಕೆ ಅಲ್ಲೇ, ಕೆಸರಿನಲ್ಲಿ ನಿಂತು, ಕ್ಷಮೆ ಕೇಳುತ್ತೇನೆ.

ಅಮ್ಮ ಎದ್ದಳು. ಯಾರಿಗೆ ಬರೀತಿದ್ದೀಯ ಎಂದು ಕೇಳಿದಳು, ಹೇಳಿದೆ. ನಿನಗೆ ಸಲಾಮು ತಿಳಿಸಿದ್ದಾಳೆ. ನಿನ್ನ ದಾರಿ ಸುಗಮವಾಗಲಿ, ಹೋದಷ್ಟೇ ನೆಮ್ಮದಿಯಾಗಿ ತಿರುಗಿ ಬಾ ಎಂದು ಹರಸಿದ್ದಾಳೆ. ಮೂರನೆಯ ತಾರೀಖು ಚಪ್ಪಲಿ ಬಿಟ್ಟು ಬರಬೇಕಂತೆ, ನಿನಗೆ ಇನ್ನೂ ನಡೆಯುವುದನ್ನು ಕಲಿಸಿಲ್ಲವಂತೆ.

ದಾರಿ ನೋಡುತ್ತಿರುವ ನಿನ್ನ ಅಕ್ಕ,
ಸಾಬೆರಾ